ಕಾನ್ರಾಡ್ ಬ್ಲಾಕ್

ಕೊಲೆಸ್ಟರಾಲ್ ಎಂಬ ಹೆಸರನ್ನು ಕೇಳಿದೊಡನೆ ಹೃದಯರೋಗದ ನೆನಪಾಗುವುದು ಸಹಜ. ಆದರೆ ಮೇಣದಂತಹ ಈ ವಸ್ತುವಿಲ್ಲದೆ ನಮ್ಮ ದೇಹದ ಜೀವಕೋಶಗಳು ಬಾಳಲಾರವು. ಜೀವಕೋಶದ ಪೊರೆಗೆ ಬಿಗಿ ಕೊಡುವುದು ಅದೇ. ಪಿತ್ತರಸದ ಆಮ್ಲಗಳೂ ಹಲವು ಹಾರ್ಮೋನುಗಳೂ ಹುಟ್ಟುವುದು ಅದರಿಂದಲೇ. ನಾವು ಉಣ್ಣುವ ಆಹಾರದಲ್ಲಿ ಅದು ಇಲ್ಲದಿದ್ದರೂ ದೇಹವು ತಾನೇ ಅದನ್ನು ತಯಾರಿಸಿಕೊಳ್ಳುತ್ತದೆ. ಯಾವ ಮೂಲದ್ರವ್ಯದಿಂದ? ಯಾವ ಕ್ರಮದಲ್ಲಿ? ಈ ಪ್ರಶ್ನೆಗಳ ಬೆನ್ನು ಹತ್ತಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ದುಡಿದವರು ಕಾನ್ರಾಡ್ ಬ್ಲಾಕ್.

ಬ್ಲಾಕ್ ಅವರು 1912ರ ಜನವರಿ 21ರಂದು ನೈಸೆ ಎಂಬ ಊರಿನಲ್ಲಿ ಜನಿಸಿದರು. ಅಂದು ಜರ್ಮನಿಗೆ ಸೇರಿದ್ದ ಆ ಊರು ಈಗ ಪೋಲೆಂಡಿನಲ್ಲಿದೆ. ಮ್ಯೂನಿಕ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಫಿಷರ್ ಅವರ ಬೋಧನೆ ಅವರನ್ನು ಸಾವಯವ ರಸಾಯನಶಾಸ್ತ್ರದ ಕಡೆಗೆ ಸೆಳೆಯಿತು. ಅಷ್ಟರಲ್ಲಿ ಹಿಟ್ಲರನ ಆಳ್ವಿಕೆ ಬಂದಿತು. ಯಹೂದಿಯಾಗಿದ್ದ ತರುಣನಿಗೆ ಆ ನಾಡಿನಲ್ಲಿ ಮುಂದೆ ಓದುವ ದಾರಿ ಮುಚ್ಚಿತು. 1934ರಲ್ಲಿ ಅವರು ಸ್ವಿಟ್ಜರ್ಲೆಂಡಿನ ದಾವೋಸ್ ಸೇರಿ, ಕ್ಷಯರೋಗದ ಕ್ರಿಮಿಗಳಲ್ಲಿರುವ ಕೊಬ್ಬಿನ ಪದಾರ್ಥಗಳನ್ನು ಪರಿಶೀಲಿಸತೊಡಗಿದರು. ಅಲ್ಲಿ ಬರೆದ ಪ್ರಬಂಧವನ್ನು ಬಾಸೆಲ್ ವಿಶ್ವವಿದ್ಯಾನಿಲಯವು ಸಾಲದೆಂದು ತಿರಸ್ಕರಿಸಿತು. ಆ ದೇಶದಲ್ಲಿ ನೆಲೆಸಲು ಕೊಟ್ಟಿದ್ದ ಅನುಮತಿಯೂ ಮುಗಿಯುತ್ತ ಬಂದಿತ್ತು. ಜರ್ಮನಿಗೆ ಹಿಂದಿರುಗುವುದೆಂದರೆ ಬೆಂಕಿಗೆ ಬಿದ್ದಂತೆ.

ಆ ಹೊತ್ತಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಿಂದ ಎರಡು ಪತ್ರಗಳು ಬಂದವು. ಒಂದರಲ್ಲಿ ಸಹಾಯಕನ ಹುದ್ದೆಗೆ ನೇಮಕವಾಗಿರುವ ಸುದ್ದಿ. ಇನ್ನೊಂದರಲ್ಲಿ ಸಂಬಳ ಕೊಡಲು ಹಣವಿಲ್ಲವೆಂಬ ವಿಷಾದ. ಬ್ಲಾಕ್ ಅವರು ರಾಯಭಾರ ಕಚೇರಿಗೆ ಮೊದಲನೆಯ ಪತ್ರವನ್ನು ಮಾತ್ರ ಒಯ್ದರು. ಪ್ರವೇಶದ ಅನುಮತಿ ದೊರೆಯಿತು. ಎರಡನೆಯದನ್ನು ತೋರಿಸದಿದ್ದುದು ತಪ್ಪೆಂದು ಯಾರು ತಾನೆ ಹೇಳಿಯಾರು?

1936ರ ಕೊನೆಯಲ್ಲಿ ಅಮೆರಿಕಕ್ಕೆ ಬಂದಿಳಿದ ಅವರು 1938ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿ ಪಡೆದು, ಅಲ್ಲಿಯೇ ರುಡಾಲ್ಫ್ ಶೋನ್‌ಹೈಮರ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲೊಂದು ಹೊಸ ಉಪಾಯ ಬಳಕೆಗೆ ಬಂದಿತ್ತು. ಮಂದೆಯಲ್ಲಿ ತನ್ನ ದನವನ್ನು ಗುರುತಿಸಲು ಒಡೆಯನು ಅದರ ಮೈಮೇಲೆ ಮುದ್ರೆ ಹಾಕುವುದಿಲ್ಲವೆ? ಹಾಗೆಯೇ ಸಾಮಾನ್ಯ ಜಲಜನಕದ ಬದಲು ಅದಕ್ಕಿಂತ ಭಾರವಾದ ಡ್ಯೂಟೀರಿಯಂ ಇರುವ ಪದಾರ್ಥವನ್ನು ಪ್ರಾಣಿಗೆ ತಿನ್ನಿಸಿದರೆ, ದೇಹದೊಳಗೆ ಅದು ಎಲ್ಲಿಗೆ ಹೋಯಿತೆಂದು ಪತ್ತೆಹಚ್ಚಬಹುದು. 1941ರಲ್ಲಿ ಶೋನ್‌ಹೈಮರ್ ಅಕಾಲ ಮರಣಕ್ಕೆ ತುತ್ತಾದರು. ಗುರುವನ್ನು ಕಳೆದುಕೊಂಡರೂ ಕೆಲಸ ನಿಲ್ಲಲಿಲ್ಲ. ಡೇವಿಡ್ ರಿಟನ್‌ಬರ್ಗ್ ಅವರೊಡನೆ ಬ್ಲಾಕ್ ಅವರು ಗುರುತುಳ್ಳ ಅಸಿಟಿಕ್ ಆಮ್ಲದ ಲವಣವನ್ನು ಇಲಿಗಳಿಗೆ ತಿನ್ನಿಸಿ, ಆ ಗುರುತು ಕೊಲೆಸ್ಟರಾಲಿನಲ್ಲಿ ಕಾಣಿಸಿಕೊಳ್ಳುವುದನ್ನು 1942ರಲ್ಲಿ ಪ್ರಕಟಿಸಿದರು. ವಿನಿಗರಿಗೆ ಹುಳಿ ಕೊಡುವ, ಎರಡೇ ಇಂಗಾಲದ ಪರಮಾಣುಗಳುಳ್ಳ ಅಲ್ಪ ಆಮ್ಲದಿಂದ 27 ಇಂಗಾಲದ ಪರಮಾಣುಗಳ ಜಟಿಲವಾದ ಅಣು! ಆ 27ರಲ್ಲಿ 15 ಪರಮಾಣುಗಳು ಆಮ್ಲದ ಒಂದು ತುದಿಯಿಂದಲೂ 12 ಇನ್ನೊಂದು ತುದಿಯಿಂದಲೂ ಬಂದವೆಂದು ಮುಂದೆ ತಿಳಿಯಿತು.

ಆದರೆ ನಡುವಿನ ಮೆಟ್ಟಿಲುಗಳು ಯಾವುವು? ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಹೇರಳವಾಗಿರುವ, 30 ಇಂಗಾಲದ ಸ್ಕ್ವಾಲೀನ್ ಅವುಗಳಲ್ಲೊಂದೆಂಬ ಊಹೆ ಹಿಂದಿನಿಂದಲೂ ಇತ್ತು. 1946ರಿಂದ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿದ್ದ ಬ್ಲಾಕ್ ಅವರು ಅದನ್ನು ಪರೀಕ್ಷಿಸಲು ಬರ್ಮುಡಾ ದ್ವೀಪಕ್ಕೇ ಹೋದರು. ಪ್ರಯೋಗಕ್ಕೆ ಒಗ್ಗುವಷ್ಟು ಚಿಕ್ಕ ಶಾರ್ಕುಗಳು ಅಲ್ಲಿ ಕೈಗೆ ಸಿಕ್ಕಲಿಲ್ಲ, ಬರಿಗೈಯಲ್ಲಿ ಮರಳಬೇಕಾಯಿತು. ಸಮುದ್ರ ದಾಟಿ ಅರಸಿದ್ದು ಕೊನೆಗೆ ಮನೆಯ ಇಲಿಯಲ್ಲೇ ದೊರೆಯಿತು. ಸಹೋದ್ಯೋಗಿ ಲ್ಯಾಂಗ್ಡನ್ ಅವರೊಡನೆ ನಡೆಸಿದ ಪ್ರಯೋಗದಲ್ಲಿ ಇಲಿಯ ಯಕೃತ್ತಿನಿಂದ ಗುರುತುಳ್ಳ ಸ್ಕ್ವಾಲೀನ್ ಲಭಿಸಿತು. ಅದನ್ನು ತಿಂದ ಪ್ರಾಣಿಗಳ ದೇಹದಲ್ಲಿ ಅದು ಕೊಲೆಸ್ಟರಾಲಾಗಿ ಮಾರ್ಪಟ್ಟಿತು. ಸ್ಕ್ವಾಲೀನಿನ ಉದ್ದನೆಯ ಸರಪಳಿ ಮಡಿಚಿಕೊಂಡು ಲ್ಯಾನೊಸ್ಟರಾಲ್ ಎಂಬ ವಸ್ತುವಾಗುವ ಬಗೆಯನ್ನು 1953ರಲ್ಲಿ ವುಡ್‌ವರ್ಡ್ ಅವರೊಡಗೂಡಿ ಸೂಚಿಸಿದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಇದು ಒಬ್ಬರೇ ಕಟ್ಟಿದ ಮನೆಯಲ್ಲ. ಇಂಗ್ಲೆಂಡಿನಲ್ಲಿ ಕಾರ್ನ್‌ಫರ್ತ್ ಮತ್ತು ಪೋಪ್ಯಾಕ್, ಜರ್ಮನಿಯಲ್ಲಿ ಫಿಯೊಡೋರ್ ಲೀನೆನ್ ಇದೇ ಶೋಧನೆಯಲ್ಲಿ ತೊಡಗಿದ್ದರು. ಅಸಿಟಿಕ್ ಆಮ್ಲವು ಜೀವಕೋಶದಲ್ಲಿ ಯಾವ ರೂಪ ತಾಳಿ ಕೆಲಸಕ್ಕಿಳಿಯುತ್ತದೆಂದು ತೋರಿಸಿದವರು ಲೀನೆನ್. 1964ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಅವರಿಬ್ಬರಿಗೂ ಹಂಚಲಾಯಿತು. ಲೀನೆನ್ ಅವರ ಪ್ರಯೋಗಶಾಲೆ ಇದ್ದುದು ಮ್ಯೂನಿಕ್‌ನಲ್ಲಿ. ತರುಣ ಬ್ಲಾಕ್ ಮೂವತ್ತು ವರ್ಷಗಳ ಹಿಂದೆ ಬಿಟ್ಟು ಹೊರಡಬೇಕಾಗಿ ಬಂದ ನಗರದಲ್ಲಿ.

ದಾರಿ ತಿಳಿದ ಮೇಲೆ ಅದಕ್ಕೆ ತಡೆಯೊಡ್ಡುವುದೂ ಸಾಧ್ಯವಾಯಿತು. 1970ರ ದಶಕದಲ್ಲಿ ಜಪಾನಿನ ಅಕಿರ ಎಂಡೊ ಅವರು ಬೂಷ್ಟಿನಿಂದ ಪಡೆದ ವಸ್ತುವೊಂದು ಈ ಮಾರ್ಗದ ಒಂದು ಮುಖ್ಯ ಮೆಟ್ಟಿಲನ್ನೇ ತಡೆಯಿತು. ಹೃದಯರೋಗಿಗಳಿಗೆ ಕೊಡುವ ಸ್ಟ್ಯಾಟಿನ್ ಔಷಧಗಳು ಅಲ್ಲಿಂದ ಮೊದಲಾದವು.

ಬ್ಲಾಕ್ ಅವರನ್ನು ಮಾತ್ರ ಬೇರೊಂದು ಪ್ರಶ್ನೆ ಕಾಡುತ್ತಿತ್ತು. ಲ್ಯಾನೊಸ್ಟರಾಲ್ ಸಿದ್ಧವಾದ ಮೇಲೂ ಜೀವಕೋಶವು ಇಷ್ಟೊಂದು ಶ್ರಮಪಟ್ಟು ಅದರಿಂದ ಮೂರು ಮೀಥೈಲ್ ಗುಂಪುಗಳನ್ನು ಕಿತ್ತೆಸೆಯುವುದೇಕೆ? ಹಾಗೆ ನಯಗೊಂಡ ಅಣುವೇ ಪೊರೆಯಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತದೆಂದು ಅವರ ಪ್ರಯೋಗಗಳು ತೋರಿಸಿದವು. ನಿವೃತ್ತರಾದ ಮೇಲೂ ಬರೆಯುತ್ತಲೇ ಇದ್ದು, 82ರ ವಯಸ್ಸಿನಲ್ಲಿ ಜೀವರಸಾಯನಶಾಸ್ತ್ರದ ಲಘು ಪ್ರಬಂಧಗಳ ಸಂಕಲನವೊಂದನ್ನು ಹೊರತಂದರು. 2000ದ ಅಕ್ಟೋಬರ್ 15ರಂದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ತೀರಿಕೊಂಡರು.