ಪೀಠದಿಂದ ಎದ್ದ ನ್ಯಾಯಮೂರ್ತಿ

ಚಳ್ಳಕೆರೆಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗುವುದುಂಟು. ಅಶೋಕನ ಶಾಸನದ ಬಂಡೆಯ ಮುಂದೆ ನಿಂತು, ಸುವರ್ಣಗಿರಿಯ ರಾಜಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಅರಸನ ಆಜ್ಞೆಯನ್ನು ತಲುಪಿಸಿದ ಬಗೆಯನ್ನು ವಿವರಿಸುತ್ತೇನೆ. ಒಮ್ಮೆ ಹೀಗೆ ವಿವರಿಸುತ್ತಿದ್ದಾಗ ಹಟ್ಟಿಯಿಂದ ಬಂದ ಹುಡುಗನೊಬ್ಬ ಪ್ರಶ್ನೆ ಹಾಕಿದ. ಅರಸನ ಮಾತಿನ ಹಿಂದೆ ದಂಡು ಇತ್ತು. ತಮ್ಮ ಕಟ್ಟೆಮನೆಯ ತೀರ್ಪಿನ ಹಿಂದೆ ಕುಲದ ಕಟ್ಟುಪಾಡು ಇದೆ. ದೇಶದೇಶಗಳೇ ವ್ಯಾಜ್ಯಕ್ಕೆ ನಿಂತರೆ ಯಾರ ಮಾತನ್ನು ಯಾರು ಏಕೆ ಕೇಳಬೇಕು ಎಂಬುದು ಅವನ ಸಂದೇಹ. ನಾನು ಉತ್ತರವಾಗಿ ಹೇಳಿದ್ದು ಬೆನಗಲ್ ನರಸಿಂಗ ರಾಯರ ಕಥೆಯನ್ನು.

ರಾಯರು 1887ರ ಫೆಬ್ರವರಿ 26ರಂದು ದಕ್ಷಿಣ ಕನ್ನಡದ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ರಾಘವೇಂದ್ರ ರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬಾಲಕ ಮದರಾಸಿಗೂ, ಅಲ್ಲಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೂ ಹೋಗಿ ಗಣಿತದಲ್ಲಿ ಹೆಸರು ಪಡೆದು, ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂಗಾಳ ಪ್ರಾಂತಕ್ಕೆ ಅಧಿಕಾರಿಯಾಗಿ ಬಂದರು. ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದರು. ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳು ಹೂಡಿದ ವಿವಾದವನ್ನು ಪರಿಶೀಲಿಸಿದ ಆಯೋಗಕ್ಕೆ ಅಧ್ಯಕ್ಷರಾದರು. 1946ರಲ್ಲಿ ರಾಜ್ಯಾಂಗ ಸಭೆಯ ಸಲಹೆಗಾರರಾಗಿ, ಮರುವರ್ಷದ ಅಕ್ಟೋಬರಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಉಳ್ಳ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಅಂಬೇಡ್ಕರರ ಸಮಿತಿ ತನ್ನ ಕೆಲಸವನ್ನು ಆರಂಭಿಸಿದ್ದು ಆ ಕರಡಿನಿಂದ. ರಾಯರಾದರೋ ಆ ಸಭೆಯ ಸದಸ್ಯರೇ ಆಗಿರಲಿಲ್ಲ.

ಮುಂದೆ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನಿನಲ್ಲಿ ಕೊರಿಯದ ಯುದ್ಧ ಸಿಡಿದಾಗ ಭದ್ರತಾ ಮಂಡಲಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. 1951ರ ಕೊನೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಚುನಾಯಿತರಾಗಿ, 1952ರ ಫೆಬ್ರವರಿಯಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿರುವ ಶಾಂತಿ ಸೌಧವನ್ನು ಪ್ರವೇಶಿಸಿದರು.

ಆ ನ್ಯಾಯಾಲಯದ ನಡೆವಳಿ ತಿಳಿಯತಕ್ಕದ್ದು. ಅಲ್ಲಿ ಹದಿನೈದು ಮಂದಿ ನ್ಯಾಯಮೂರ್ತಿಗಳು; ಒಂದು ದೇಶಕ್ಕೆ ಒಬ್ಬರಿಗಿಂತ ಹೆಚ್ಚಿಲ್ಲ; ಅವಧಿ ಒಂಬತ್ತು ವರ್ಷ. ಮಹಾಸಭೆ, ಭದ್ರತಾ ಮಂಡಲಿ ಎರಡರಲ್ಲಿಯೂ ಬಹುಮತ ದೊರೆತವರೇ ಆಯ್ಕೆಯಾಗತಕ್ಕವರು. ವ್ಯವಹಾರವೆಲ್ಲ ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ. ಮೊದಲು ಉಭಯ ಪಕ್ಷಗಳ ಲಿಖಿತ ವಾದ, ಬಳಿಕ ಬಹಿರಂಗ ವಿಚಾರಣೆ, ಕೊನೆಗೆ ಮುಚ್ಚಿದ ಬಾಗಿಲೊಳಗೆ ಸಮಾಲೋಚನೆ. ಮತ ಹೇಳುವ ಸರದಿ ಕಿರಿಯರಿಂದ ಮೊದಲಾಗುತ್ತದೆ. ಹಿರಿಯರ ಮುಖ ನೋಡಿ ಕಿರಿಯರು ಮಾತು ತಿರುಗಿಸಬಾರದಷ್ಟೆ! ಇಷ್ಟಾದರೂ ಅದಕ್ಕೆ ಪೊಲೀಸಿಲ್ಲ, ಸೆರೆಮನೆಯಿಲ್ಲ. ಪಕ್ಷಗಳು ಒಪ್ಪಿದ ಹೊರತು ವ್ಯಾಜ್ಯವನ್ನು ಕೈಗೆತ್ತಿಕೊಳ್ಳುವ ಅಧಿಕಾರವೂ ಇಲ್ಲ.

ಆ ವರ್ಷದ ದೊಡ್ಡ ವ್ಯಾಜ್ಯ ಎಣ್ಣೆಯದು. 1951ರಲ್ಲಿ ಇರಾನ್ ತನ್ನ ಎಣ್ಣೆಯ ಉದ್ಯಮವನ್ನು ರಾಷ್ಟ್ರದ ಸ್ವತ್ತಾಗಿ ಮಾಡಿಕೊಂಡಿತು; ಆಂಗ್ಲೋ-ಇರಾನಿಯನ್ ಕಂಪೆನಿಯ ಪರವಾಗಿ ಬ್ರಿಟನ್ ನ್ಯಾಯಾಲಯದ ಮೆಟ್ಟಿಲೇರಿತು. 1952ರ ಜೂನಿನಲ್ಲಿ ಇರಾನಿನ ಪ್ರಧಾನಿ ಮೊಸಾದ್ದೆಘ್ ತಾವೇ ಹೇಗ್ ನಗರಕ್ಕೆ ಬಂದರು. ಲೋಕದ ಕಣ್ಣೆಲ್ಲ ಆ ಪೀಠದ ಮೇಲೆ. ಹೊಸದಾಗಿ ಬಂದ ನ್ಯಾಯಮೂರ್ತಿಗೆ ಕೀರ್ತಿ ಗಳಿಸಲು ಅದಕ್ಕಿಂತ ಮಿಗಿಲಾದ ಸಂದರ್ಭ ಯಾವುದು?

ರಾಯರು ಆ ಪೀಠದಲ್ಲಿ ಕುಳಿತುಕೊಳ್ಳಲಿಲ್ಲ. ಹಿಂದಿನ ಅಕ್ಟೋಬರಿನಲ್ಲಿ ಇದೇ ವಿವಾದ ಭದ್ರತಾ ಮಂಡಲಿಗೆ ಬಂದಾಗ ಭಾರತದ ಪರವಾಗಿ ಅಲ್ಲಿದ್ದವರು ತಾವು. ಆದುದರಿಂದ ಈ ವಿಚಾರಣೆಯಲ್ಲಿ ತಾವು ಭಾಗವಹಿಸುವುದು ತರವಲ್ಲವೆಂದು ಅಧ್ಯಕ್ಷರಿಗೆ ತಿಳಿಸಿ ದೂರ ಸರಿದರು. ಅಧ್ಯಕ್ಷ ಮೆಕ್‌ನೇರರು ಬ್ರಿಟನ್ನಿನವರು. ನಿಯಮದಂತೆ ಅವರು ಅಧ್ಯಕ್ಷತೆಯನ್ನು ಉಪಾಧ್ಯಕ್ಷ ಗೆರೆರೊ ಅವರಿಗೆ ಬಿಟ್ಟುಕೊಟ್ಟು ಸದಸ್ಯರಾಗಿ ಕುಳಿತರು. ಜುಲೈ 22ರಂದು ಒಂಬತ್ತು ಮತಗಳಿಗೆ ಐದರಂತೆ, ಈ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಆ ಒಂಬತ್ತರಲ್ಲಿ ಒಂದು ಮೆಕ್‌ನೇರರದು, ತಮ್ಮ ದೇಶದ ವಾದಕ್ಕೆ ವಿರುದ್ಧವಾಗಿ. ಒಬ್ಬರು ಕುಳಿತು ನ್ಯಾಯವನ್ನು ಉಳಿಸಿದರು. ಮತ್ತೊಬ್ಬರು ಎದ್ದು ಉಳಿಸಿದರು.

ಎದ್ದು ಹೋದವರು ಅಂಜುಬುರುಕರೆಂದು ಯಾರೂ ಬಗೆಯಬಾರದು. ಮುಂದಿನ ತಿಂಗಳೇ, ಮೊರಾಕ್ಕೊದಲ್ಲಿನ ಅಮೆರಿಕದ ಪ್ರಜೆಗಳ ಹಕ್ಕುಗಳನ್ನು ಕುರಿತ ವ್ಯಾಜ್ಯದಲ್ಲಿ, ಹ್ಯಾಕ್‌ವರ್ತ್, ಬದಾವಿ, ಕಾರ್ನೇರೊ ಅವರೊಡಗೂಡಿ ರಾಯರು ಭಿನ್ನಮತವನ್ನು ಬರೆದರು. ಅಮೆರಿಕ, ಈಜಿಪ್ಟ್, ಬ್ರೆಜಿಲ್, ಭಾರತ: ನಾಲ್ಕು ದಿಕ್ಕಿನ ನಾಲ್ವರು ಒಂದು ಅಭಿಪ್ರಾಯಕ್ಕೆ ಸಹಿ ಹಾಕಿದ್ದರು.

ಒಂಬತ್ತು ವರ್ಷದ ಅವಧಿಯಲ್ಲಿ ರಾಯರಿಗೆ ದಕ್ಕಿದ್ದು ಎರಡೂ ತುಂಬದ ಕಾಲ. ವ್ಯಾಧಿ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆದೊಯ್ದಿತು; 1953ರ ನವೆಂಬರ್ 30ರಂದು ಜೂರಿಕ್ ನಗರದಲ್ಲಿ ತೀರಿಕೊಂಡರು. ತೆರವಾದ ಪೀಠಕ್ಕೆ ಮರುವರ್ಷ ಪಾಕಿಸ್ತಾನದ ಜಫರುಲ್ಲಾ ಖಾನ್ ಆಯ್ಕೆಯಾದರು.

ಈ ಕಥೆಯನ್ನು ಹೇಳುವಾಗಲೆಲ್ಲ ನನ್ನ ಮನಸ್ಸು ಚುಚ್ಚುತ್ತದೆ. ಹಲವು ವರ್ಷಗಳ ಹಿಂದೆ ಒಂದು ಭಾಷಣ ಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ನಾನೇ ತಿದ್ದಿ ತೀಡಿದ್ದ ವಿದ್ಯಾರ್ಥಿಯೊಬ್ಬ ವೇದಿಕೆಯೇರಿದ. ನಾನು ಏಳಲಿಲ್ಲ. ಅವನಿಗೆ ಬಹುಮಾನ ಬಂತು. ಅದಕ್ಕೆ ಅವನು ಅರ್ಹನೇ ಆಗಿದ್ದನೆಂದು ಈಗಲೂ ನಂಬಿದ್ದೇನೆ. ಆದರೆ ಸಭೆಯಲ್ಲಿ ಯಾರೂ ನಂಬಲಿಲ್ಲ, ಆ ಹುಡುಗನೂ ತಲೆಯೆತ್ತಿ ಬಹುಮಾನ ಪಡೆಯಲಿಲ್ಲ. ನನ್ನ ತೀರ್ಪು ಸರಿಯಿದ್ದಿತು. ನಾನು ಕುಳಿತದ್ದು ತಪ್ಪಾಗಿತ್ತು.

ದಂಡಿಲ್ಲದ ನ್ಯಾಯಾಲಯದ ಮಾತನ್ನು ಏಕೆ ಕೇಳಬೇಕೆಂಬ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇಷ್ಟೆ: ಏಳಬೇಕಾದಾಗ ಎದ್ದವರು ಅಲ್ಲಿ ಇದ್ದರು ಎಂಬುದಕ್ಕಾಗಿ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಹಟ್ಟಿಯಲ್ಲಿಯೂ ನ್ಯಾಯ ಸೇರಿದಾಗ ಜನ ಮೊದಲು ಕೇಳುವುದು ಕಟ್ಟೆಯ ಮೇಲೆ ಯಾರು ಕುಳಿತಿದ್ದಾರೆಂದೇ ಎಂದ. ಬ್ರಹ್ಮಗಿರಿಯಿಂದ ಚಳ್ಳಕೆರೆಗೆ ಮರಳುವ ದಾರಿಯುದ್ದಕ್ಕೂ ನಾನು ಆ ಮಾತನ್ನೇ ನೆನೆಯುತ್ತ ಬಂದೆ.