ರಾಮಾನುಜನ್ನರೂ ಗಣಿತ ಸಂಘವೂ

ಶ್ರೀನಿವಾಸ ರಾಮಾನುಜನ್ನರೆಂದೊಡನೆ ಕೇಂಬ್ರಿಜ್ಜಿನ ಹಾರ್ಡಿಯವರ ಹೆಸರು ನಾಲಗೆಗೆ ಬರುತ್ತದೆ. ಅದಕ್ಕೂ ಮುನ್ನ ಅವರ ಕೈಹಿಡಿದ ಭಾರತೀಯ ಗಣಿತ ಸಂಘವನ್ನು ನೆನೆಯುವವರು ವಿರಳ.

1887ರಲ್ಲಿ ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದ ರಾಮಾನುಜನ್ನರು, ಗಣಿತವೊಂದನ್ನುಳಿದು ಮಿಕ್ಕ ವಿಷಯಗಳನ್ನು ಕಡೆಗಣಿಸಿ ಕಾಲೇಜಿನ ಪರೀಕ್ಷೆಯಲ್ಲಿ ಸೋತರು, ವಿದ್ಯಾರ್ಥಿವೇತನವೂ ತಪ್ಪಿತು. 1909ರಲ್ಲಿ ವಿವಾಹವಾಯಿತು, ಸಂಪಾದನೆ ಮಾತ್ರ ಇಲ್ಲ. ಮರುವರ್ಷ ತಿರುಕ್ಕೋಯಿಲೂರಿಗೆ ಹೋಗಿ, ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರರಲ್ಲಿ ಗುಮಾಸ್ತೆಯ ಕೆಲಸವನ್ನು ಬೇಡಿದರು. 1907ರಲ್ಲಿ ಸಂಘವನ್ನು ಕಟ್ಟಿದವರು ಈ ಅಯ್ಯರರೇ. ಸದಸ್ಯರು ಚಂದಾ ಕೂಡಿಸಿ, ಒಬ್ಬೊಬ್ಬರೇ ಕೊಳ್ಳಲಾಗದ ವಿದೇಶೀ ಗಣಿತಪತ್ರಿಕೆಗಳನ್ನು ತರಿಸಿ, ಅಂಚೆಯ ಮೂಲಕ ಒಬ್ಬರಿಂದೊಬ್ಬರಿಗೆ ಕಳುಹಿಸಿ ಓದುವುದು ಅದರ ಮೊದಲ ಉದ್ದೇಶ. ಯುವಕನ ಟಿಪ್ಪಣಿ ಪುಸ್ತಕಗಳನ್ನು ಕಂಡ ಅಯ್ಯರರು, ಇಂಥ ಪ್ರತಿಭೆಯನ್ನು ಕಂದಾಯದ ಕಡತಗಳಲ್ಲಿ ಹೂಳಲೊಪ್ಪದೆ, ಮದರಾಸಿನ ಮಿತ್ರರಿಗೆ ಪತ್ರ ಬರೆದುಕೊಟ್ಟರು. ಕೆಲಸವಿಲ್ಲದವನಿಗೆ ಇದು ನಿಷ್ಠುರವೆನಿಸಿದ್ದರೆ ಆಶ್ಚರ್ಯವಿಲ್ಲ.

1911ರಲ್ಲಿ ಸಂಘದ ಪತ್ರಿಕೆಯಲ್ಲಿ, ಬರ್ನೂಲಿ ಸಂಖ್ಯೆಗಳನ್ನು ಕುರಿತ ಅವರ ಮೊದಲ ಪ್ರಬಂಧ ಅಚ್ಚಾಯಿತು. ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಂ. ಟಿ. ನಾರಾಯಣಯ್ಯಂಗಾರರು. ರಾಮಾನುಜನ್ನರ ಬರಹವೋ ಅತಿ ಸಂಕ್ಷಿಪ್ತ. ನಡುವಣ ಮೆಟ್ಟಿಲುಗಳೇ ಇಲ್ಲದೆ ಸಾಮಾನ್ಯ ವಾಚಕನಿಗೆ ನಿಲುಕದಂಥದು. ಅಯ್ಯಂಗಾರರು ಅದನ್ನು ತಳ್ಳಿಹಾಕಲಿಲ್ಲ. ಹಸ್ತಪ್ರತಿ ಮೂರು ಬಾರಿ ಲೇಖಕರಿಗೂ ಸಂಪಾದಕರಿಗೂ ನಡುವೆ ಓಡಾಡಿ ಓದಬಲ್ಲ ರೂಪವನ್ನು ತಳೆಯಿತು. ವಿದ್ವತ್ಪತ್ರಿಕೆಯ ಸಂಪಾದಕನಿಗೆ ಬೇಕಾದ ಈ ತಾಳ್ಮೆಯನ್ನು ಬಲ್ಲವರೇ ಬಲ್ಲರು. ಹೆಸರಿಲ್ಲದ ಯುವಕ ಗಣಿತಜ್ಞರ ನಡುವೆ ಲೇಖಕನಾಗಿ ನಿಂತನು.

1912ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಗಿರಿ ದೊರೆಯಿತು; ಅಲ್ಲಿನ ಹಿರಿಯ ಅಧಿಕಾರಿ ಎಸ್. ನಾರಾಯಣ ಅಯ್ಯರರೂ ಸಂಘದವರೇ. ಹಾರ್ಡಿಯವರಿಗೆ ಪತ್ರ ಹೋದದ್ದು ಆಮೇಲೆ, 1913ರಲ್ಲಿ. ಮರುವರ್ಷ ಇಂಗ್ಲೆಂಡ್ ಪ್ರಯಾಣ, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. 1920ರ ಏಪ್ರಿಲ್ 26ರಂದು ಮದರಾಸಿನಲ್ಲಿ ತೀರಿಕೊಂಡಾಗ ಅವರಿಗೆ 32 ವರ್ಷ.