ಕಂಕನಾಡಿಯ ಫಾದರ್ ಮುಲ್ಲರ್

ಜಯನಗರದ ನಮ್ಮ ಮನೆಯ ಗೋಡೆಬೀರುವಿನಲ್ಲಿ ಹಳೆಯ ಮರದ ಪೆಟ್ಟಿಗೆಯೊಂದಿದೆ. ಮಂಗಳೂರಿನವರಾದ ನನ್ನ ಅಜ್ಜಿ ಅದರಿಂದ ಸಿಹಿಗುಳಿಗೆಗಳನ್ನು ಎಣಿಸಿ ಕೊಡುವಾಗಲೆಲ್ಲ ಫಾದರ್ ಮುಲ್ಲರರನ್ನು ನೆನೆಯುತ್ತಿದ್ದರು. ಅದು ಔಷಧಿಯ ಹೆಸರೆಂದೇ ನಾನು ಬಹುಕಾಲ ಭಾವಿಸಿದ್ದೆ.

ಆಗಸ್ಟಸ್ ಮುಲ್ಲರರು ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತದಲ್ಲಿ 1841ರಲ್ಲಿ ಜನಿಸಿದರು. ಜೆಸುಯಿಟ್ ಪಾದ್ರಿಯಾಗಿ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ತಾವು ಕಲಿತಿದ್ದ ಹೋಮಿಯೋಪಥಿಯನ್ನು ನಂಬಿ, 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೊಂದು ಔಷಧಾಲಯವನ್ನು ತೆರೆದರು. ಅಲ್ಲಿನ ಔಷಧಿಗಳು ದೂರದ ಊರುಗಳಿಗೂ ಮಾರಾಟವಾದವು. ಬಂದ ಹಣ ದೀನರ ಸೇವೆಗೆ ಸಂದಿತು.

1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿಸಿದರು. ಹೆತ್ತವರೂ ಒಡಹುಟ್ಟಿದವರೂ ಮುಟ್ಟಲು ಅಂಜುತ್ತಿದ್ದ ಕಾಲವದು. ಆ ರೋಗಕ್ಕೆ ಆಗ ಮದ್ದಿರಲಿಲ್ಲ. ಅದನ್ನು ನಿಶ್ಚಿತವಾಗಿ ವಾಸಿಮಾಡುವ ಬಹು-ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1980ರ ದಶಕದಲ್ಲಿ. ಮುಲ್ಲರರ ಗುಳಿಗೆಗಳ ಗುಣಕ್ಕೂ ಇಂದಿನ ವಿಜ್ಞಾನ ಪ್ರಮಾಣವನ್ನು ಕಂಡಿಲ್ಲ.

ಹಾಗಾದರೆ ಅವರು ಕೊಟ್ಟದ್ದೇನು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನೆತ್ತಿಯ ಮೇಲೊಂದು ಸೂರು, ಹಸಿದಾಗ ಅನ್ನ, ವ್ರಣ ತೊಳೆಯುವ ಕೈ. ಗುಣವಾಗದವರನ್ನೂ ಕೈಬಿಡಬಾರದೆಂಬುದೇ ಅವರ ಪಾಲಿಗೆ ಕ್ರಿಸ್ತಭಕ್ತಿ. ರೋಗಿ ಯಾವ ಮತದವನೆಂಬುದು ಅಲ್ಲಿ ಮುಖ್ಯವಾಗಲಿಲ್ಲ.

1910ರ ನವೆಂಬರ್ 1ರಂದು ಅವರು ತೀರಿಕೊಂಡರು. ಆ ಔಷಧಾಲಯವೇ ಬೆಳೆದು ಇಂದು ದೊಡ್ಡ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಆಗಿದೆ.

ಜ್ವರ ಬಂದರೆ ಈಗ ನಾನು ಹೋಗುವುದು ಬೇರೆ ವೈದ್ಯರಲ್ಲಿಗೆ. ಆದರೂ ಅಜ್ಜಿಯ ಪೆಟ್ಟಿಗೆಯನ್ನು ಎಸೆಯಲು ಮನಸ್ಸು ಬಂದಿಲ್ಲ.